ಎರಡು ದಿನಕ್ಕೆಂದು ಬಂದವರು

ಸೈನ್ಯ ಊರೊಳಗೆ ಬಂದ ದಿನ ಗಡಿಬಿಡಿ ಮಾಡಿದ ತಪ್ಪು ಒಂದೇ ಒಂದು. ಪೆಟ್ಟಿಗೆ ಮೇಲೆ ಬರೆದಿದ್ದನ್ನು ಜೋರಾಗಿ ಓದಿಬಿಟ್ಟ.

ಗಡಿಬಿಡಿ ಎಂದು ಅವನಿಗೆ ಯಾರೂ ಹೆಸರಿಟ್ಟಿರಲಿಲ್ಲ. ತಾನಾಗಿ ಬಂದು ಅಂಟಿಕೊಂಡ ಹೆಸರು ಅದು. ವಯಸ್ಸು ಹತ್ತೊಂಬತ್ತು. ಮೀಸೆ ಈಗ ಬಂತು ಆಗ ಬಂತು ಅನ್ನಿಸಿ ಬಾರದೆ ಸತಾಯಿಸುತ್ತಿತ್ತು. ಅಪ್ಪ ಅಮ್ಮ ಇಲ್ಲದ ಹುಡುಗ, ಸಾಕಿದವಳು ಸೋದರತ್ತೆ. ಅತ್ತೆಯ ಗಂಡ ಸಾಯುವಾಗ ಅವಳ ಪಾಲಿಗೆ ಉಳಿಸಿಹೋದದ್ದು ಊರಿನ ಏಕೈಕ ಟಾಕೀಸು ಮತ್ತು ಅದರ ಮಾಳಿಗೆ ಮೇಲಿನ ಮನೆ. ಮಷೀನು ಓಡಿಸುವವಳು ಅತ್ತೆಯೇ. ಗಡಿಬಿಡಿಯದು ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುವ ಕೆಲಸ. ಹರಿದು ಅರ್ಧ ವಾಪಸ್ ಕೊಡಬೇಕಲ್ಲ, ಇವನು ಎರಡೂ ಅರ್ಧ ತಾನೇ ಇಟ್ಟುಕೊಳ್ಳುತ್ತಿದ್ದ. ಒಮ್ಮೆ ಅತ್ತೆಗೆ ಜ್ವರ ಬಂದಾಗ ಇವನು ರೀಲು ಹಾಕೋಕೆ ಹೋದದ್ದಕ್ಕೆ, ನಾಯಕ ನಾಯಕಿ ಇಬ್ಬರೂ ಬಾವಲಿ ಹಾಗೆ ತಲೆಕೆಳಗಾಗಿ ನೇತಾಡಿಕೊಂಡೇ ಪ್ರೇಮಿಸಿದರು. ಜನ ಕತ್ತು ತಿರುಚಿಕೊಂಡೇ ಪೂರ್ತಿ ನೋಡಿದರು, ಆ ಮಾತು ಬೇರೆ.

ಟಾಕೀಸಿಗೆ ಬರೋ ಮುಂಚೆ ಅವನು ರೈಲ್ವೆ ಗೋದಾಮಿನಲ್ಲಿ ಸಾಮಾನು ಇಳಿಸುತ್ತಿದ್ದ. ಗಡಿಯಾಚೆಯ ಒಂದು ದೊಡ್ಡ ದೇಶದಿಂದ ಬರುತ್ತಿದ್ದ ಪೆಟ್ಟಿಗೆಗಳ ಮೇಲೆ ಮೂರು ಮಾತು ಬರೆದಿರುತ್ತಿತ್ತು. ಅದರ ಅರ್ಥ ಮೇಸ್ತ್ರಿ ಹೇಳಿಕೊಟ್ಟಿದ್ದ: ಈ ಕಡೆ ಮೇಲಿರಲಿ. ನೀರು ತಾಗದಿರಲಿ. ಮೆತ್ತಗೆ ಇಳಿಸಿ. ಮೂರನೇ ಮಾತು ಬರೆದ ಪೆಟ್ಟಿಗೆಯನ್ನು ಸ್ಟೇಷನ್ ಮಾಸ್ಟರ್ ಕಾಲಮೇಲೆ ಇಳಿಸಿದ ದಿನ ಗೋದಾಮಿನ ಋಣ ಮುಗಿಯಿತು.

ಮುಂದೆ ಆ ದೊಡ್ಡ ದೇಶದ ಸೈನ್ಯವೇ ಊರಿಗೆ ಬಂತು. ಯಾರೂ ಕರೆದಿರಲಿಲ್ಲ. ಚೌಕದಲ್ಲಿ ಲಾರಿಗಳು ನಿಂತವು. ಊರಿನವರೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಕ್ಷೌರದಂಗಡಿ ಮುಂದೆ ನಿಂತು ನೋಡುತ್ತಿದ್ದರು. ಸೈನಿಕರು ಪೆಟ್ಟಿಗೆ ಇಳಿಸಿದರು. ಗಡಿಬಿಡಿಗೆ ಹಳೇ ಗೆಳೆಯರನ್ನು ಕಂಡ ಹಾಗಾಯಿತು. ಅವರ ಭಾಷೆಯಲ್ಲೇ ಗಟ್ಟಿಯಾಗಿ ಓದಿ, ಅರ್ಥವನ್ನೂ ಹೇಳಿದ.

ಕ್ಷೌರಿಕ ತಿರುಗಿ ನೋಡಿದ. ಊರಿನ ಅಭಿಪ್ರಾಯವೆಲ್ಲ ಹುಟ್ಟುತ್ತಿದ್ದದ್ದು ಆ ಕ್ಷೌರಿಕನ ಕುರ್ಚಿಯಲ್ಲೇ. "ಏನಯ್ಯಾ, ನಿನಗೆ ಅವರ ಭಾಷೆ ಬರುತ್ತಾ?"

ಇಲ್ಲ ಅನ್ನೋಕೆ ಎಷ್ಟು ಹೊತ್ತು? ಆದರೆ ಹುಟ್ಟಿದಾಗಿನಿಂದ ಯಾರೂ ಅವನನ್ನು ಆ ಥರ ಮೂಗಿನ ಮೇಲೆ ಬೆರಳಿಟ್ಟುಕೊಂಡು ನೋಡಿರಲಿಲ್ಲ. "ಏನೋ, ಅಲ್ಪಸ್ವಲ್ಪ" ಅಂದ. ಬಾಯಿ ತಪ್ಪಿ ಬಂದ ವಿನಯ ಅದು. ಸುಳ್ಳು ಹೇಳಿದ್ದರೆ ಜನ ನಂಬುತ್ತಿರಲಿಲ್ಲ. ವಿನಯ ತೋರಿಸಿದ್ದಕ್ಕೆ ನಂಬಿಬಿಟ್ಟರು. ಸಂಜೆಯ ಹೊತ್ತಿಗೆ ಅವನು ಅವರ ರಾಜಧಾನಿಯಲ್ಲಿ ಓದಿ ಬಂದವನಾಗಿದ್ದ.

ಸೈನ್ಯದ ಜೊತೆ ಒಬ್ಬ ದುಭಾಷಿಯೂ ಬಂದಿದ್ದ. ಸಣಕಲು ಮನುಷ್ಯ, ಕುತ್ತಿಗೆಗಿಂತ ಕಾಲರ್ರೇ ದೊಡ್ಡದು. ಮೊದಲನೇ ದಿನ ಕಮಾಂಡರು ಚೌಕದಲ್ಲಿ ಸ್ಟೂಲು ಹತ್ತಿ ನಿಂತು, ಕೆಂಡ ಕಾರುತ್ತಾ ಬಹಳ ಹೊತ್ತು ಭಾಷಣ ಮಾಡಿದರು. ಜನರ ಮೈ ನಡುಗಿತು. ಆಮೇಲೆ ದುಭಾಷಿ ಮುಂದೆ ಬಂದು, ಗಂಟಲು ಸರಿಮಾಡಿಕೊಂಡು, ಅದನ್ನು ನಮ್ಮ ಭಾಷೆಗೆ ತಂದ:

"ಹಳೇ ಕೊಡೆ ತನ್ನಿ."

ಅಷ್ಟೇ. ಜನ ಮುಖ ಮುಖ ನೋಡಿಕೊಂಡರು. ಆದರೆ ಕೈಯಲ್ಲಿ ಬಂದೂಕು ಇರುವವರನ್ನು ಯಾಕೆ ಏನು ಅಂತ ಕೇಳೋರು ಯಾರು? ಮಾರನೇ ದಿನ ಊರಿನ ಕೊಡೆಗಳೆಲ್ಲ ಠಾಣೆಯ ಅಂಗಳದಲ್ಲಿ ಬಿದ್ದವು. ಕಡ್ಡಿ ಮುರಿದದ್ದು, ಬಟ್ಟೆ ಹರಿದದ್ದು, ಕ್ಷೌರಿಕನ ಹೆಂಡತಿಯ ಹೂವಿನ ಕೊಡೆ ಕೂಡ. ಕಮಾಂಡರು ಆ ಗುಡ್ಡೆಯ ಸುತ್ತ ಸುಮ್ಮನೆ ಒಂದು ಸುತ್ತು ಬಂದು, ಟೋಪಿ ತೆಗೆದು ತಲೆ ಕೆರೆದುಕೊಂಡು ಒಳಗೆ ಹೋದರು. ಈ ಊರಿನವರ ಹತ್ತಿರ ಕೊಡೆ ಬಿಟ್ಟರೆ ಬೇರೆ ಆಯುಧವೇ ಇಲ್ಲ ಎಂದು ಮೇಲಿನವರಿಗೆ ತಿಳಿಸಿದರಂತೆ. ಅವರು ಕೇಳಿದ್ದು ಬಂದೂಕು, ಕತ್ತಿ. ದುಭಾಷಿಗೆ ಗೊತ್ತಿದ್ದದ್ದು ಕೊಡೆ ರಿಪೇರಿ ಅಂಗಡಿಯ ಬೋರ್ಡು. ಅವನು ಹಿಂದೊಮ್ಮೆ ನಮ್ಮ ದೇಶಕ್ಕೆ ಬಂದು ಬಾಡಿಗೆ ಕೋಣೆಯಲ್ಲಿ ಕೆಲವು ದಿನ ಇದ್ದ. ಕಿಟಕಿಯಿಂದ ಕಂಡ ಬೋರ್ಡುಗಳೇ ಅವನ ಪಾಂಡಿತ್ಯ. ಯುದ್ಧಕ್ಕೆ ಹೋಗುವುದಕ್ಕಿಂತ ದುಭಾಷಿಯಾಗುವುದು ಮೇಲು ಅಂತ "ಏನೋ, ಅಲ್ಪಸ್ವಲ್ಪ ಬರುತ್ತೆ" ಅಂದಿದ್ದ. ಇದೆಲ್ಲ ನಮಗೆ ತಿಳಿದದ್ದು ಬಹಳ ಆಮೇಲೆ, ಅವನ ಬಾಯಿಂದಲೇ.

ಇನ್ನು ಟಾಕೀಸಿನ ಸಂಗತಿ. ಸೈನ್ಯದವರು ಇದ್ದ ಸಿನಿಮಾಗಳನ್ನೆಲ್ಲ ಎತ್ತಿಕೊಂಡು ಹೋಗಿ ತಮ್ಮದೊಂದನ್ನು ಕೊಟ್ಟರು. ಇದನ್ನೇ ದಿನಾ ಹಾಕಬೇಕು. ಊರಿನವರು ಯಾವ ಸಭೆಯನ್ನೂ ಮಾಡದೆ ತೀರ್ಮಾನ ಮಾಡಿದರು: ಅವರ ಸಿನಿಮಾ ನೋಡೋದಿಲ್ಲ. ಅತ್ತೆ ಖಾಲಿ ಕುರ್ಚಿಗಳಿಗೆ ಸಿನಿಮಾ ತೋರಿಸಿದಳು. ಕೊನೆಗೊಂದು ದಿನ ಕಮಾಂಡರು ಒಂದು ಕುದುರೆ ಹಿಡಿದುಕೊಂಡು ಬಂದರು. ಕುದುರೆಯನ್ನು ಒಳಗೆ ತಂದು ಕುರ್ಚಿ ಸಾಲಿನ ಮಧ್ಯೆ ನಿಲ್ಲಿಸಿದರು. ಒಂದು ಕೈಯಲ್ಲಿ ಲಗಾಮು, ಇನ್ನೊಂದು ಕೈಯಲ್ಲಿ ರೀಲಿನ ಡಬ್ಬಿ ಎತ್ತಿ ತೋರಿಸಿ, ಕುರ್ಚಿಗಳ ಕಡೆ ಬೆರಳು ಮಾಡಿದರು. ಜನರಿಂದ ತುಂಬುತ್ತೀಯೋ, ಕುದುರೆಯಿಂದ ತುಂಬಲೋ? ಇದಕ್ಕೆ ದುಭಾಷಿ ಬೇಕಾಗಲಿಲ್ಲ. ಕುದುರೆಗೂ ಜಾಗ ಹಿಡಿಸಿದಂತೆ ಕಂಡಿತು.

ಅತ್ತೆ ಆವತ್ತು ಮಷೀನು ಒರೆಸುತ್ತಾ ಒರೆಸುತ್ತಾ ಅತ್ತಳು. ಗಂಡ ಸತ್ತಾಗಲೂ ಗಡಿಬಿಡಿ ಅವಳ ಕಣ್ಣಲ್ಲಿ ನೀರು ನೋಡಿರಲಿಲ್ಲ. 

ಕಮಾಂಡರಿಗೆ ಅವರ ಕಡೆಯವರೇ ಯಾರೋ ಹೇಳಿದರು, ಜನಕ್ಕೆ ಸಿನಿಮಾದ ಮಾತು ಅರ್ಥವಾಗುತ್ತಿಲ್ಲ, ಅದಕ್ಕೇ ಬರುತ್ತಿಲ್ಲ. ಸರಿ, ಪರದೆ ಪಕ್ಕ ನಿಂತು ವಿವರಿಸು ಎಂದು ದುಭಾಷಿಗೆ ಹೇಳಿದರು. ದುಭಾಷಿಗೆ ಜೀವ ಬಾಯಿಗೆ ಬಂತು. ಅಷ್ಟರಲ್ಲಿ, ತಮ್ಮ ಭಾಷೆಯಲ್ಲಿ ಪೆಟ್ಟಿಗೆ ಓದಿದ ಹುಡುಗನ ಸುದ್ದಿ ಸೈನಿಕರ ಬಾಯಿಂದ ಅವನ ಕಿವಿಗೆ ಬಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿಯಲ್ಲ, ದೋಣಿಯೇ ಸಿಕ್ಕಿತು. ಅರ್ಧ ಗಂಟೆಯಲ್ಲಿ ಇಬ್ಬರು ಸೈನಿಕರು ಗಡಿಬಿಡಿಯನ್ನು ಎತ್ತಿಕೊಂಡೇ ಬಂದು ಕಮಾಂಡರ ಮೇಜಿನ ಮುಂದೆ ನಿಲ್ಲಿಸಿದರು.

ದುಭಾಷಿ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿ, ಗಂಭೀರವಾಗಿ ಪರೀಕ್ಷೆ ಶುರುಮಾಡಿದ. "ಗೋಡೆಗೆ ಒರಗಬೇಡಿ."

ಗಡಿಬಿಡಿ ನೆಟ್ಟಗೆ ನಿಂತ. "ಇಲ್ಲ ಸಾರ್."

"ಸರದಿಯಲ್ಲಿ ನಿಲ್ಲಿ."

"ನಾನೊಬ್ಬನೇ ಇದೀನಿ ಸಾರ್."

"ಮಧ್ಯಾಹ್ನ ಅಂಗಡಿ ಮುಚ್ಚಿದೆ."

ಗಡಿಬಿಡಿಗೆ ತಲೆಬುಡ ತಿಳಿಯಲಿಲ್ಲ. ಇಷ್ಟು ಆಳವಾದ ಪ್ರಶ್ನೆ ಕೇಳುವವನು ಮಹಾ ಪಂಡಿತನೇ ಇರಬೇಕು ಅಂದುಕೊಂಡು ತಲೆ ತಗ್ಗಿಸಿದ. ದುಭಾಷಿ ಕಮಾಂಡರ ಕಡೆ ತಿರುಗಿ, ಹುಡುಗ ಅಪ್ಪಟ ಬಂಗಾರ ಎಂದ. ಆಗ ಕಮಾಂಡರೇ ತಮ್ಮ ಭಾಷೆಯಲ್ಲಿ ನೇರವಾಗಿ ಏನೋ ಕೇಳಿದರು. ಗಡಿಬಿಡಿಗೆ ಕೇಳಿಸಿದ್ದು ಬರೀ ಗರಗರ.  ಗೊತ್ತಿದ್ದ ಮೂರರಲ್ಲಿ ಬಾಯಿಗೆ ಸಿಕ್ಕಿದ್ದೊಂದನ್ನು ಅವರ ಭಾಷೆಯಲ್ಲೇ ಉಸುರಿದ: "ಮೆತ್ತಗೆ ಇಳಿಸಿ."

ಕಮಾಂಡರು ಕೇಳಿದ್ದು, ನಿಮ್ಮ ಊರಿನ ಜನರ ಮೇಲೆ ಹೇಗೆ ಕೈಮಾಡಬೇಕು ಎಂದು. ಉತ್ತರ ಕೇಳಿ ಅವರು ಕುರ್ಚಿಯಿಂದ ಅರ್ಧ ಎದ್ದರು. ಎಂಥ ಧೈರ್ಯ, ಎಂಥ ಸೊಗಸು! ತಮ್ಮ ಬಾಟಲಿಯಿಂದ ಒಂದು ಲೋಟ ಸುರಿದು ಮುಂದೆ ಹಿಡಿದರು. ಗಡಿಬಿಡಿ ಲೋಟ ನೋಡಿ ಎರಡನೆಯದನ್ನು ಬಿಟ್ಟ: "ನೀರು ತಾಗದಿರಲಿ." ಕಮಾಂಡರಿಗೆ ಕಣ್ಣೇ ತುಂಬಿಬಂತು. ಶುದ್ಧ ಮದ್ಯದ ಮರ್ಯಾದೆ ಬಲ್ಲವನನ್ನು ಅವರು ಈ ಊರಿನಲ್ಲಿ ಕಂಡದ್ದೇ ಮೊದಲು. ಗಡಿಬಿಡಿ ಸಿನಿಮಾ ವಿವರಣೆಗಾರನಾಗಿ ನೇಮಕವಾದ. ಇನ್ನೊಂದು ಮಾತು ಕಷ್ಟಕಾಲಕ್ಕೆ ಅಂತ ಉಳಿಯಿತು.

ಮನೆಗೆ ಬಂದರೆ ದೊಡ್ಡಮಾವ ಅವನ ಮಂಚದ ಮೇಲೆ ಮಲಗಿದ್ದರು.

ದೊಡ್ಡಮಾವನ ಬಗ್ಗೆ ಹೇಳಲೇಬೇಕು. ಅತ್ತೆಯ ಗಂಡನ ಅಣ್ಣ. ಮೂರು ವರ್ಷದ ಹಿಂದೆ ಒಂದು ಟ್ರಂಕು ಹಿಡಿದುಕೊಂಡು, "ಎರಡು ದಿನ ಇದ್ದು ಹೋಗೋಣ ಅಂತ ಬಂದೆ ಕಣಮ್ಮಾ" ಅಂದವರು ಇನ್ನೂ ಹೋಗಿರಲಿಲ್ಲ. ಮೊದಲನೇ ರಾತ್ರಿ ಗಡಿಬಿಡಿಯ ಮಂಚ ಹಿಡಿದರು. ಅವನು ಕೆಳಗೆ ಟಿಕೆಟ್ ಕೌಂಟರಿನ ಹಲಗೆ ಮೇಲೆ ಮುದುರಿಕೊಂಡು ಮಲಗಲು ಕಲಿತ. ಆಮೇಲೆ ಕಿಟಕಿ ಪಕ್ಕದ ಕುರ್ಚಿ, ದೊಡ್ಡ ಲೋಟ, ಅತ್ತೆಯ ಗಂಡನ ಉಣ್ಣೆ ಕೋಟು, ಒಂದೊಂದಾಗಿ ಅವರ ಕೈ ಸೇರಿದವು. ಅತ್ತೆ ಬಾಯಿ ಬಿಟ್ಟು ಏನೂ ಅನ್ನಲಾರಳು; ಭಾವನೋರು, ದೊಡ್ಡವರು. "ತಮ್ಮನ ಮನೆ ಅಂದ್ರೆ ನನ್ನ ಮನೆ ಅಲ್ವೇ" ಅಂತ ಅವರೇ ಮನೆಯವರಿಗೆ ಸಮಾಧಾನ ಹೇಳುತ್ತಿದ್ದರು.

ಮೊದಲ ಸಂಜೆಯ ಆಟಕ್ಕೆ ಬಂದವರು ಬೆರಳೆಣಿಕೆ ಜನ. ಅವರಲ್ಲಿ ಕ್ಷೌರಿಕನೂ ಒಬ್ಬ. ಶತ್ರುವಿನ ಬಾಯಾಗಿ ನಿಂತವನ ಮುಖಕ್ಕೆ ಹೊಡೆಯೋಣ ಅಂತ ಕೊಳೆತ ಆಲೂಗಡ್ಡೆಯನ್ನೇ ಆರಿಸಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಗಡಿಬಿಡಿ ಕೋಲು ಹಿಡಿದು ಪರದೆ ಪಕ್ಕ ನಿಂತ.  ದೀಪ ಆರಿತು. ಪರದೆ ಮೇಲೆ ದಪ್ಪ ಮೀಸೆಯ, ದುಂಡು ಹೊಟ್ಟೆಯ ಒಬ್ಬ ಸೇನಾಪತಿ ಕುದುರೆ ಮೇಲೆ ಯಾವುದೋ ಊರೊಳಗೆ ಬಂದ. ಅವನು ಗರಗರ ಅಂದ. ಗಡಿಬಿಡಿ ಕಣ್ಣು ಕಣ್ಣು ಬಿಟ್ಟ. ಏನು ಹೇಳೋದು? ಆ ಮೀಸೆ, ಆ ಹೊಟ್ಟೆ, ನಡೆಯುವಾಗ ಆ ಠೀವಿ, ಎಲ್ಲೋ ನೋಡಿದ ಹಾಗಿದೆಯಲ್ಲ! ಬಾಯಿಂದ ಮಾತು ತಾನಾಗಿ ಜಾರಿತು.

"ಇವರು… ಎರಡು ದಿನ ಇದ್ದು ಹೋಗೋಣ ಅಂತ ಬಂದವರು."

ಕತ್ತಲಲ್ಲಿ ಯಾರೋ ಕಿಸಕ್ ಅಂದರು.

ಅವನಿಗೆ ಗೊತ್ತಿದ್ದ ಕಥೆ ಅದೊಂದೇ. ಅದನ್ನೇ ಹೇಳಿದ. ಪರದೆ ಮೇಲೆ ಜನ ಸೇನಾಪತಿಗೆ ಹೂವು ಎರಚಿದರು. "ಮೊದಲನೇ ದಿನ, ನೋಡಿ. ಮನೆಯವರಿಗೆ ಇನ್ನೂ ಗೊತ್ತಿಲ್ಲ." ಸೇನಾಪತಿ ಉದ್ದನೆಯ ಮೇಜಿನ ಮುಂದೆ ಊಟಕ್ಕೆ ಕೂತ. "ಇದು ಮನೆಯವರೆಲ್ಲರ ಪಾಲು. ಇವರು ಸುಮ್ಮನೆ ರುಚಿ ನೋಡ್ತಿದಾರೆ." ಸೇನಾಪತಿ ನಕ್ಷೆ ಬಿಡಿಸಿ ಕೋಲಿನಿಂದ ತೋರಿಸಿದ. "ಗಾಳಿ ಚೆನ್ನಾಗಿ ಬರೋ ಕೋಣೆ ಯಾವುದು ಅಂತ ಹುಡುಕ್ತಿದಾರೆ." ಹಳ್ಳಿಯಲ್ಲಿ ಒಬ್ಬ ತಾಯಿ ಮಗನನ್ನು ಯುದ್ಧಕ್ಕೆ ಕಳಿಸಿ ಅಳುತ್ತಿದ್ದಳು. "ಹಿಟ್ಟಿನ ಡಬ್ಬ ಈಗ ತೆಗೆದು ನೋಡಿದಳು, ಪಾಪ." ಕುದುರೆಗಳು ಹಿಂಡು ಹಿಂಡಾಗಿ ಹೊಳೆ ದಾಟಿದವು. "ನೆಂಟರ ನೆಂಟರೂ ಹೊರಟರು." ಕೊನೆಗೆ ಗೋಪುರದ ತುದಿಯಲ್ಲಿ ಧ್ವಜ ಏರಿತು. ಗಡಿಬಿಡಿ ನಿಟ್ಟುಸಿರು ಬಿಟ್ಟ. "ಮಾಳಿಗೆ ಮೇಲೆ ಟವೆಲು ಒಣಹಾಕಿದರು. ಇನ್ನು ಇವರು ಹೋಗಲ್ಲ."

ದೀಪ ಹತ್ತಿದಾಗ ಕ್ಷೌರಿಕ ಕುರ್ಚಿಯಿಂದ ಕೆಳಗೆ ಬಿದ್ದು, ಹೊಟ್ಟೆ ಹಿಡಿದುಕೊಂಡು ಹೊರಳಾಡುತ್ತಿದ್ದ. ಆಲೂಗಡ್ಡೆ ಅವನ ಜೇಬಿನಲ್ಲೇ ಅಪ್ಪಚ್ಚಿಯಾಗಿತ್ತು.

ಮಾರನೇ ದಿನ ಅರ್ಧ ಟಾಕೀಸು ತುಂಬಿತು. ಅದರ ಮಾರನೇ ದಿನ ಗೋಡೆಗೆ ಒರಗಿಕೊಂಡು ನಿಂತವರೇ ಒಂದು ಹಾಲಿಗಾಗುವಷ್ಟು. ಮದುವೆಯಾಗಿ ದೂರ ಹೋದ ಹೆಣ್ಣುಮಕ್ಕಳು ಸಿನಿಮಾ ನೋಡೋಕೆ ತವರಿಗೆ ಬಂದರು. ಹಾಸಿಗೆ ಹಿಡಿದಿದ್ದ ಪೋಸ್ಟ್ ಮಾಸ್ಟರನ್ನು ಹಾಸಿಗೆ ಸಮೇತ ಹೊತ್ತು ತಂದರು. ಆಟ ಮುಗಿದ ಮೇಲೆ ಅವರು ಎದ್ದು ನಡೆದು ಹೋದರು. ಕಮಾಂಡರು ಹಿಂದೆ ನಿಂತು ನೋಡಿ, ತಮ್ಮ ಸೈನ್ಯದ ವಿಜಯಕ್ಕೆ ಜನ ಇಷ್ಟೊಂದು ಆನಂದಪಡುವುದನ್ನು ಕಂಡು ಪುಳಕಗೊಂಡರು. ಬೀದಿಯಲ್ಲಿ ಗಂಡಸರು ಗಡಿಬಿಡಿಯನ್ನು ಕಂಡರೆ ಟೋಪಿ ತೆಗೆಯತೊಡಗಿದರು. ಬ್ರೆಡ್ಡಿನಂಗಡಿಯವಳು ಅವನಿಗೆ ಮಾತ್ರ ಬಿಸಿ ಬ್ರೆಡ್ಡು ತೆಗೆದಿಡುತ್ತಿದ್ದಳು. ತನ್ನ ಮನೆ ಗೋಳು ಕೇಳಿ ಜನ ಇಷ್ಟೊಂದು ಮರುಗುತ್ತಿದ್ದಾರಲ್ಲ, ಎಷ್ಟು ಒಳ್ಳೆಯವರು ಅಂತ ಅವನಿಗೆ ಕಣ್ಣು ತುಂಬಿ ಬರುತ್ತಿತ್ತು.

ಕೂತು ನೋಡಿದವರಲ್ಲಿ ನಿಜವಾದ ಅರ್ಥ ಹಿಡಿದವರು ಒಬ್ಬರೇ. ದೊಡ್ಡಮಾವ ಒಂದು ಸಂಜೆ ಪುಕ್ಕಟೆ ಬಂದು ಕೂತು, ಟವೆಲಿನ ಹತ್ತಿರ ಬಂದಾಗ ಎದ್ದು ನಿಂತರು. ಮುಖ ಬೀಟ್‌ರೂಟಾಗಿತ್ತು.

"ಅದು ನಾನು, ಇವನ ದೊಡ್ಡಮಾವ! ಈ ಪಾಪಿ ನನ್ನ ಬಗ್ಗೆ ಹೇಳ್ತಿದಾನೆ!"

ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ಮಂಚ ಬಿಟ್ಟು ಹೊರಗೆ ಬಾರದ ಇವರ ಗುರುತು ಯಾರಿಗೂ ಇರಲಿಲ್ಲ, ಇದೂ ಆಟದಲ್ಲಿ ಸೇರಿದ್ದು ಅಂದುಕೊಂಡರು. ಮಾರನೇ ದಿನದಿಂದ ಊರಿನಲ್ಲಿ ಸೈನ್ಯಕ್ಕೆ ದೊಡ್ಡಮಾವ ಅಂತಲೇ ಹೆಸರಾಯಿತು. "ದೊಡ್ಡಮಾವ ಬ್ರೆಡ್ಡೆಲ್ಲ ಬಳಿದುಕೊಂಡು ಹೋದ." "ದೊಡ್ಡಮಾವ ಯಾವತ್ತು ತೊಲಗ್ತಾನೋ." ಇವರು ಬೀದಿಗಿಳಿದರೆ ಸಾಕು, ಎಡಕ್ಕೂ ಬಲಕ್ಕೂ ಇದೇ ಮಾತು ಕಿವಿಗೆ ಬೀಳುತ್ತಿತ್ತು. ತಡೆಯಲಾರದೆ ಅವರು ನೆಟ್ಟಗೆ ಕಮಾಂಡರ ಹತ್ತಿರ ಹೋಗಿ ದೂರು ಕೊಟ್ಟರು. "ಸ್ವಾಮೀ, ಆ ಹುಡುಗ ದಿನಾ ಸಂಜೆ ನನ್ನ ಮಾನ ಹರಾಜಿಗಿಡ್ತಿದಾನೆ. ಆ ಆಟ ನಿಲ್ಲಿಸಿ. ನನಗೆ ಹೊರಗೆ ಮುಖ ಎತ್ತೋಕಾಗ್ತಿಲ್ಲ!" ಎಂದು ಎದೆ ಬಡಿದುಕೊಂಡರು, ಕಣ್ಣೀರೂ ಹಾಕಿದರು.

ಕಮಾಂಡರು ದುಭಾಷಿಯ ಕಡೆ ನೋಡಿದರು. ದುಭಾಷಿ ದೊಡ್ಡಮಾವನ ಕಣ್ಣೀರು ನೋಡಿದ. ಒಂದು ಪದವೂ ತಿಳಿಯಲಿಲ್ಲ. ಆದರೂ ಸುಮ್ಮನಿರುವುದಕ್ಕಾಗುತ್ತದೆಯೇ? ಈ ಹಿರಿಯರು ಸಿನಿಮಾ ನೋಡಿ ದಿನಾ ಅಳುತ್ತಾರಂತೆ, ಇಂಥ ಚಿತ್ರವನ್ನು ಎಲ್ಲರಿಗಿಂತ ದೊಡ್ಡ ಜನರಲ್ ಸಾಹೇಬರೇ ಬಂದು ಇಲ್ಲಿ ಕೂತು ನೋಡಬೇಕು ಅನ್ನುತ್ತಿದ್ದಾರೆ ಎಂದುಬಿಟ್ಟ. ದೊಡ್ಡಮಾವನಿಗೆ "ಸರದಿಯಲ್ಲಿ ನಿಲ್ಲಿ" ಎಂದು ಭರವಸೆ ಕೊಟ್ಟ. ದೊಡ್ಡಮಾವ ಮೀಸೆ ತಿರುವುತ್ತಾ ಮನೆಗೆ ಬಂದರು. "ಕ್ರಮ ತಗೊಳ್ತಾರಂತೆ. ಕಾಯಬೇಕಂತೆ."

ಆ ವಾರವೇ ಸುದ್ದಿ ಬಂತು: ಜನರಲ್ ಬರುತ್ತಾರೆ. ಸಿನಿಮಾ ನೋಡಿ, ಹಾಲ್ ಉಳಿಸಿಕೊಳ್ಳೋದೋ ಕುದುರೆಗೆ ಕೊಡೋದೋ ಅವರೇ ಹೇಳುತ್ತಾರೆ. ಗಡಿಬಿಡಿ ಹೆಮ್ಮೆಯಿಂದ ಕ್ಷೌರಕ್ಕೆ ಹೋದ. ತೆಗೆಯೋಕೆ ಮೀಸೆ ಗಡ್ಡ ಇರಲಿಲ್ಲ. ಆದರೂ ಕುರ್ಚಿಯಲ್ಲಿ ಕೂರುವ ಯೋಗ್ಯತೆ ಬಂದಿದೆ ಅನ್ನಿಸಿತ್ತು. ಕ್ಷೌರಿಕ ನೊರೆ ಹಚ್ಚುತ್ತಾ ಗದ್ಗದನಾದ.

"ಏನು ಎದೆಗಾರಿಕೆಯಪ್ಪಾ ನಿನ್ನದು! ಶತ್ರುವಿನ ಸಿನಿಮಾದಲ್ಲೇ ಶತ್ರುವಿನ ಮುಖಕ್ಕೆ ಮಸಿ ಬಳಿದೆ. ಈಗ ಅವರ ಜನರಲ್ ಮುಂದೇನೇ ಹೇಳ್ತೀಯಂತೆ, ನಮ್ಮೂರಲ್ಲಿ ಉಂಡು, ನಮ್ಮ ಮಂಚದಲ್ಲಿ ಮಲಗಿ, ಹೋಗದೇ ಕೂತವರು ಅಂತ!"

"ಯಾರ ಬಗ್ಗೆ ಹೇಳ್ತಿದೀರಾ?" ಅಂದ ಗಡಿಬಿಡಿ.

"ಸೈನ್ಯದ ಬಗ್ಗೆ!"

"ಅಯ್ಯೋ! ನಾನು ಹೇಳ್ತಿರೋದು ನಮ್ಮ ದೊಡ್ಡಮಾವನ ಬಗ್ಗೆ!"

ಕ್ಷೌರಿಕ ಕಣ್ಣು ಹೊಡೆದ. "ಹೂಂ ಹೂಂ, ದೊಡ್ಡಮಾವ. ಯಾರು ಕೇಳಿದ್ರೂ ಹಾಗೇ ಹೇಳಬೇಕು. ನಾವೂ ಹಾಗೇ ಹೇಳೋದು."

ಗಡಿಬಿಡಿ ನೊರೆ ಸಮೇತ ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದ. ನೀರು ಚಿಮುಕಿಸಿ ಎಬ್ಬಿಸಿದರು. ಎದ್ದವನು ಮನೆಗೆ ಓಡಿ ಬಟ್ಟೆ ಗಂಟು ಕಟ್ಟತೊಡಗಿದ. ಎರಡೂ ಕಾಲನ್ನು ಪ್ಯಾಂಟಿನ ಒಂದೇ ಕಾಲಿನೊಳಗೆ ತೂರಿಸಿಕೊಂಡು ಬಾಗಿಲವರೆಗೆ ಕುಪ್ಪಳಿಸಿದ. ಅಲ್ಲಿ ಅತ್ತೆ ನಿಂತಿದ್ದಳು. ಅವನು ಎಲ್ಲವನ್ನೂ ಹೇಳಿದ: ಪೆಟ್ಟಿಗೆ, ಮೂರು ಮಾತು, ಭಾಷೆ ಬಾರದ್ದು. ಅತ್ತೆಗೆ ಕೋಪ ಬರುತ್ತೆ ಅಂದುಕೊಂಡಿದ್ದ. ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಓಡೋದಾದ್ರೆ ಓಡು ಕಣೋ. ನಿನಗೇನಾದ್ರೂ ಆದ್ರೆ ನಾನು ತಡಕೊಳ್ಳಲ್ಲ. ಕುದುರೆ ಬಂದಾಗ ಬಾಗಿಲು ನಾನೇ ತೆಗೀತೀನಿ." ಅವನ ಕಾಲು ನೋಡಿ, "ಪ್ಯಾಂಟು ಮಾತ್ರ ಸರಿಯಾಗಿ ಹಾಕ್ಕೊಂಡು ಓಡು" ಅಂದಳು.

ಗಡಿಬಿಡಿ ಪ್ಯಾಂಟು ಸರಿಮಾಡಿಕೊಂಡ. ಓಡಲಿಲ್ಲ. ಭಯ ಏನೂ ಕಡಿಮೆಯಾಗಿರಲಿಲ್ಲ. ಅತ್ತೆಯನ್ನು ಆ ಮೆಟ್ಟಿಲ ಮೇಲೆ ಬಿಟ್ಟುಹೋಗಲು ಕಾಲು ಏಳಲಿಲ್ಲ ಅಷ್ಟೇ.

ಜನರಲ್ ಬಂದ ಸಂಜೆ ಟಾಕೀಸಿನಲ್ಲಿ ಉಸಿರಾಡೋಕೂ ಜಾಗವಿರಲಿಲ್ಲ. ಜನರಲ್ ಬಿಳೀ ಕೂದಲಿನ, ಮೆಲುಮಾತಿನ, ಮಹಾ ಶಿಸ್ತಿನ ಮುದುಕ. ಮುಂದಿನ ಸಾಲಿನ ಮಧ್ಯದಲ್ಲಿ ಅವರು. ಎಡಗಡೆ ಕಮಾಂಡರು. ಬಲಗಡೆ, ಚಿತ್ರ ನೋಡಿ ಅಳುವ ಹಿರಿಯರೆಂದು ವಿಶೇಷ ಆಹ್ವಾನ ಪಡೆದ ದೊಡ್ಡಮಾವ, ತಮ್ಮನ ಉಣ್ಣೆ ಕೋಟು ತೊಟ್ಟು. ಹಿಂದೆ ಜನರಲ್ ಕಿವಿಯ ಹತ್ತಿರ ಬಗ್ಗಿ ನಿಂತ ದುಭಾಷಿ, ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿದ್ದ.

ಗಡಿಬಿಡಿ ಒಂದು ಉಪಾಯ ಮಾಡಿಕೊಂಡಿದ್ದ. ಇವತ್ತೊಂದು ದಿನ ಜಾಣನಾಗಿರೋದು. ಸೇನಾಪತಿ ಕುದುರೆ ಮೇಲೆ ಬಂದ. "ಇವರು ಮಹಾಶೂರರು" ಅಂದ ಗಡಿಬಿಡಿ. ಹಾಲಿನಲ್ಲಿ ಸದ್ದಿಲ್ಲ. ಊಟದ ದೃಶ್ಯ. "ಇವರು ಊಟ ಮಾಡುತ್ತಿದ್ದಾರೆ." ಯಾರೂ ನಗಲಿಲ್ಲ. ಕ್ಷೌರಿಕ ಕೆಮ್ಮಿದ. ಪೋಸ್ಟ್ ಮಾಸ್ಟರರು ಮತ್ತೆ ಕಾಯಿಲೆ ಬಿದ್ದವರ ಹಾಗೆ ಕೂತರು. ಜನರಲ್ ಹಿಂದೆ ತಿರುಗಿ ನೋಡಿದರು. ಇದೇನಾ ನೀವು ಬರೆದ ಆನಂದ ಎನ್ನುವ ಹಾಗೆ ಕಮಾಂಡರ ಮುಖ ನೋಡಿದರು. ಕಮಾಂಡರು ಬಾಗಿಲ ಕಡೆ, ಅಂದರೆ ಕುದುರೆಗಳ ಕಡೆ ನೋಡಿದರು.

ಆಗ ದೊಡ್ಡಮಾವ ಕಾಲು ಚಾಚಿಕೊಂಡು, ಹಾಲಿಗೆಲ್ಲ ಕೇಳುವ ಹಾಗೆ ಅಂದರು: "ಹಾಂ, ಈಗ ದಾರಿಗೆ ಬಂದ ನೋಡಿ! ಲೋ ಹುಡುಗಾ, ಕುದುರೆ ಬಂದ್ರೂ ನಾನೇನೂ ಹೋಗಲ್ಲ. ಮೇಲಿನ ಕೋಣೆ ಎರಡೂ ನನಗಿರಲಿ. ನಿಮ್ಮತ್ತೆ ಬೇಕಾದ್ರೆ ಟಿಕೆಟ್ ಕೌಂಟರಿನಲ್ಲಿ ಮಲಗಲಿ."

ಗಡಿಬಿಡಿಗೆ ಮಷೀನಿನ ಸದ್ದು ಕೇಳಿಸಿತು. ಅದರ ಹಿಂದೆ ಅತ್ತೆ ನಿಂತಿದ್ದಾಳೆ. ಕೌಂಟರಿನ ಹಲಗೆ ಎಷ್ಟು ಗಟ್ಟಿ, ಚಳಿಗಾಲದಲ್ಲಿ ಎಷ್ಟು ತಣ್ಣಗೆ ಎಂದು ಅವನ ಬೆನ್ನಿಗೆ ಗೊತ್ತು. ಮೈಯೆಲ್ಲ ಬಿಸಿಯಾಯಿತು. ಕೋಲನ್ನು ಪರದೆಗೆ ಪಟ್ಟೆಂದು ಬಡಿದ.

"ಎರಡು ದಿನ ಇದ್ದು ಹೋಗೋಣ ಅಂತ ಬಂದವರು ಇವರು!"

ಹಾಲು ಹೋ ಎಂದಿತು. ಇವತ್ತು ಅವನಿಗೆ ತಾನು ಹೇಳುತ್ತಿರುವುದು ಏನೆಂದು ಗೊತ್ತಿತ್ತು, ಎರಡೂ ಅರ್ಥದಲ್ಲಿ ಗೊತ್ತಿತ್ತು. ಊಟದ್ದು ಹೇಳಿದ, ಕೋಟಿನದು ಹೇಳಿದ, ಹಿಟ್ಟಿನ ಡಬ್ಬದ್ದು ಹೇಳಿದ. ಅಲ್ಲಿ ಯಾರೂ ನಗಲಿಲ್ಲ. ಎಷ್ಟೋ ಮನೆಯ ಡಬ್ಬ ಹಾಗೇ ಬರಿದಾಗಿತ್ತು. ನೆಂಟರ ನೆಂಟರು ಹೊಳೆ ದಾಟಿದರು, ಗೋಪುರದ ಮೇಲೆ ಟವೆಲು ಏರಿತು. ದಿನಾ ಕಥೆ ನಿಲ್ಲುತ್ತಿದ್ದದ್ದು ಅಲ್ಲೇ. ಇವತ್ತು ಅವನು ನಿಲ್ಲಿಸಲಿಲ್ಲ. ಕೋಲು ಕೆಳಗಿಟ್ಟು ಮುಂದಿನ ಸಾಲಿನ ಕಡೆ ತಿರುಗಿದ.

"ಆಮೇಲೆ ಮನೆ ಹುಡುಗ ಒಂದು ದಿನ ಎದುರಿಗೆ ನಿಂತು ಹೇಳಿದ. ನೀವು ದೊಡ್ಡವರು. ಉಂಡಿರಿ, ಮಲಗಿದಿರಿ, ಸಾಕು. ಈ ಮನೆ ನಮ್ಮದು. ಹೊರಗೆ ನಡೀರಿ!"

ಮೊದಲು ಕ್ಷೌರಿಕ ಎದ್ದ. ಆಮೇಲೆ ಬ್ರೆಡ್ಡಿನಂಗಡಿಯವಳು, ಪೋಸ್ಟ್ ಮಾಸ್ಟರು, ಇಡೀ ಊರು. ಮಾಡು ಹಾರಿಹೋಗುವ ಹಾಗೆ ಒಂದೇ ದನಿ: "ಹೊರಗೆ! ಹೊರಗೆ!"

ಜನರಲ್ ಬೆಚ್ಚಿ ಹಿಂದಕ್ಕೆ ಬಾಗಿದರು. ಏನಂತೆ ಅವರದ್ದು?

ದುಭಾಷಿಯ ತಲೆ ಖಾಲಿ. ಕೊಡೆಯಿಂದ ಇಲ್ಲಿ ಏನೂ ಆಗದು. ಕಣ್ಣು ಅತ್ತ ಇತ್ತ ಓಡಿ ಬಾಗಿಲ ಮೇಲೆ ನಿಂತಿತು. ಅಲ್ಲಿ ಕೆಂಪು ದೀಪದ ಬೋರ್ಡು, ಅದರ ಮೇಲೆ ಒಂದೇ ಪದ: ಹೊರಗೆ. ಬೋರ್ಡು! ಅವನ ಮುಖ ಅರಳಿತು. ಈ ಪದ ಅವನಿಗೆ ಗೊತ್ತು! ತನ್ನ ಇಡೀ ಉದ್ಯೋಗದಲ್ಲಿ ಮೊದಲ ಸಲ, ಕೊನೆಯ ಸಲವೂ ಹೌದು, ಅವನು ಸರಿಯಾಗಿ ಅನುವಾದ ಮಾಡಿದ.

"ಮಹಾಪ್ರಭು, ಹೊರಗೆ ಹೋಗುವ ದಾರಿ ಆ ಕಡೆ ಅನ್ನುತ್ತಿದ್ದಾರೆ."

ಜನರಲ್ ಸುತ್ತ ನೋಡಿದರು. ಆಟ ಮುಗಿದಿದೆ, ಊರಿಗೆ ಊರೇ ಎದ್ದು ನಿಂತು ಬಾಗಿಲು ತೋರಿಸುತ್ತಿದೆ. ಇಷ್ಟು ಶಿಸ್ತಿನ ಪ್ರೇಕ್ಷಕರನ್ನು ಅವರು ತಮ್ಮ ದೇಶದಲ್ಲೂ ಕಂಡಿರಲಿಲ್ಲ. ಎದ್ದರು, ಟೋಪಿ ಹಾಕಿದರು, ಜನಕ್ಕೆ ಸೆಲ್ಯೂಟ್ ಹೊಡೆದು ಹೊರಗೆ ನಡೆದರು. ಅವರ ಹಿಂದೆ ಕಮಾಂಡರು, ಅವರ ಹಿಂದೆ ಸೈನಿಕರೆಲ್ಲ ಸಾಲಾಗಿ. ಬಂದೂಕು ಹಿಡಿದ ಒಂದಿಡೀ ಪಡೆಯನ್ನು ನಮ್ಮ ಊರು ಬರಿಬಾಯಲ್ಲಿ ಹೊರಗೆ ಕಳಿಸಿತು. ಬಾಗಿಲಲ್ಲಿ ಜನರಲ್ ಗಡಿಬಿಡಿಯ ಕೈ ಕುಲುಕಿ ಏನೋ ಕೇಳಿದರು. ಅವನು ಉಳಿಸಿಟ್ಟಿದ್ದ ಆ ಒಂದು ಮಾತನ್ನು ಕೊಟ್ಟುಬಿಟ್ಟ: "ಈ ಕಡೆ ಮೇಲಿರಲಿ." ಅವರು ಕೇಳಿದ್ದು, ಕುದುರೆಗಳನ್ನು ಎಲ್ಲಿ ಕಟ್ಟೋಣ ಎಂದು. ಮೇಲೆಂದರೆ ಗುಡ್ಡದ ಮೇಲೆ ಕಮಾಂಡರ ಬಂಗಲೆ. ಸರಿ, ಅಲ್ಲೇ, ಅವರ ಹೂದೋಟದಲ್ಲೇ ಕಟ್ಟಿ ಎಂದು ಅಪ್ಪಣೆಯಾಯಿತು. ಟಾಕೀಸು ಉಳಿಯಿತು.

ಹಾಲಿನಲ್ಲಿ ಕೂತೇ ಇದ್ದವರು ಒಬ್ಬರು. ಜನರೆಲ್ಲ ಅವರ ಕಡೆ ತಿರುಗಿದರು.

"ನಾನೂನಾ?" ಅಂದರು ದೊಡ್ಡಮಾವ, ಸಣ್ಣ ದನಿಯಲ್ಲಿ.

"ನೀವೂ, ಮಾವ" ಅಂದ ಗಡಿಬಿಡಿ. ದನಿ ನಡುಗಿತು. ಆದರೂ ಅಂದ.

ಮಷೀನು ರೂಮಿನ ಕಿಂಡಿಯಿಂದ ಅತ್ತೆಯ ತಲೆ ಹೊರಗೆ ಬಂತು. "ಭಾವನೋರೇ, ಟ್ರಂಕು ಬೆಳಗ್ಗೆನೇ ಕಟ್ಟಿಟ್ಟಿದೀನಿ. ಕೋಟು ಮಾತ್ರ ಅಲ್ಲೇ ಬಿಚ್ಚಿಟ್ಟು ಹೋಗಿ."

ಟ್ರಂಕನ್ನು ಸ್ಟೇಷನ್ನಿಗೆ ಕ್ಷೌರಿಕನೇ ತಲೆ ಮೇಲೆ ಹೊತ್ತ. ಆಗ ಮೊದಲ ಸಲ ಅವನಿಗೆ ಅನುಮಾನ ಬಂತು. "ಅಲ್ಲಯ್ಯಾ, ನಿಜವಾಗಲೂ ಒಬ್ಬರು ದೊಡ್ಡಮಾವ ಇದ್ರಾ?" ಗಡಿಬಿಡಿ ಟ್ರಂಕಿಗೆ ಒಂದು ಕೈ ಕೊಟ್ಟ. "ಮೆತ್ತಗೆ ಇಳಿಸಿ" ಅಂದ ಅಷ್ಟೇ.

ಮುಂದೆ ಸೈನ್ಯವೂ ಹೋಯಿತು. ಯುದ್ಧ ಎಲ್ಲೋ ಸೋತು, ಲಾರಿಗಳು ಬಂದ ದಾರಿಯಲ್ಲೇ ವಾಪಸು ಹೊರಟಾಗ ಊರಿನವರೆಲ್ಲ ಚೌಕದಲ್ಲಿ ನಿಂತು ಅದೇ ಒಂದು ಪದ ಕೂಗಿದರು. ಅಭ್ಯಾಸ ಚೆನ್ನಾಗಿ ಆಗಿತ್ತು. ದುಭಾಷಿ ಮಾತ್ರ ಲಾರಿ ಹತ್ತಲಿಲ್ಲ. ಠಾಣೆಯ ಅಂಗಳದ ಕೊಡೆಗಳನ್ನೆಲ್ಲ ಒಂದೊಂದಾಗಿ ರಿಪೇರಿ ಮಾಡಿ, ಅವರವರ ಮನೆಗೆ ತಲುಪಿಸಿ, ಕ್ಷೌರದಂಗಡಿ ಪಕ್ಕದಲ್ಲೇ ಅಂಗಡಿ ಹಾಕಿದ. ಬೋರ್ಡಿನಲ್ಲಿ ಏನು ಬರೆಸಿದ ಅಂತ ಹೇಳಬೇಕಾಗಿಲ್ಲ.

ಆದರೆ ಇದೆಲ್ಲಕ್ಕಿಂತ ಮೊದಲು, ದೊಡ್ಡಮಾವ ಹೋದ ಆ ರಾತ್ರಿಯೇ, ಅತ್ತೆ ಗಡಿಬಿಡಿಯ ಹಾಸಿಗೆ ಕೊಡವಿ ಹೊಸ ಹೊದಿಕೆ ಹಾಸಿದಳು. ಅವನು ಮೂರು ವರ್ಷದ ಮೇಲೆ ತನ್ನ ಮಂಚದಲ್ಲಿ ಮೈಚಾಚಿದ. ಕಾಲು ಮೊಣಕಾಲಿನ ಹತ್ತಿರದಿಂದ ಆಚೆ ಉಳಿಯಿತು. ಮೇಲೆ ಸರಿದ, ತಲೆ ಗೋಡೆಗೆ ಬಡಿಯಿತು. ಎದ್ದು ಮಂಚದ ಕೆಳಗೆ ಬಗ್ಗಿ ನೋಡಿದ, ಯಾರಾದರೂ ಅದರ ಕಾಲು ಕತ್ತರಿಸಿದ್ದಾರಾ ಅಂತ.

"ಅತ್ತೇ, ದೊಡ್ಡಮಾವ ನನ್ನ ಮಂಚ ಬದಲಾಯಿಸಿ ಹೋಗಿದಾರೆ! ಇದು ಗಿಡ್ಡ!"

ಅತ್ತೆ ದೀಪ ಎತ್ತಿ ಹಿಡಿದು ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ನಗು ಬಂತು, ಅದರ ಹಿಂದೆಯೇ ಕಣ್ಣೀರೂ ಬಂತು.

"ಮಂಚ ಅದೇ ಕಣೋ" ಅಂದಳು. "ನಾಳೆ ಬಡಗಿಯನ್ನ ಕರೆಸ್ತೀನಿ."